ಹಳೇ ಟ್ರೇಡಿಂಗ್ ಕಾರ್ಡ್: ಗುರುತು ಹಿಡಿಯುವುದು, ಬೆಲೆ ಕಟ್ಟುವುದು

ಟ್ರೇಡಿಂಗ್ ಕಾರ್ಡ್ ಅಂದರೆ ಜನ ಆಡಲೋ ಕೂಡಿಡಲೋ ಕೊಳ್ಳುವ, ಆಟದ ಪಾತ್ರಗಳ ಅಥವಾ ಕ್ರೀಡಾಪಟುಗಳ ಚಿತ್ರದ ಕಾರ್ಡ್. ಹಳೇ ಡಬ್ಬಿಯಲ್ಲಿ ಅಂಥ ಒಂದು ಕಟ್ಟು ಸಿಕ್ಕಿದರೆ ಹೆಚ್ಚಿನವರು ಮೊದಲು ಮಾಡುವುದು ಒಂದೇ ಕೆಲಸ. ಮೇಲಿರುವ ಹೆಸರನ್ನು ಟೈಪ್ ಮಾಡಿ ಬೆಲೆ ಹುಡುಕುತ್ತಾರೆ. ಪೊಕೆಮಾನ್‌ನ ಚಾರಿಜಾರ್ಡ್ ಎಂಬ ಕಾರ್ಡ್ ಹುಡುಕಿ ನೋಡಿ. ಒಂದು ಕಡೆ ಲಕ್ಷ ಡಾಲರ್ ದಾಟಿದ ಹರಾಜು ಕಾಣುತ್ತದೆ, ಇನ್ನೊಂದು ಕಡೆ ಜುಜುಬಿ ಬೆಲೆ. ಚಿತ್ರ ನೋಡಿದರೆ ಎರಡೂ ಹೆಚ್ಚುಕಮ್ಮಿ ಒಂದೇ ಥರ.

ಯಾಕೆ ಹೀಗೆ? ಇಂಗ್ಲಿಷ್‌ನಲ್ಲಿ ಆ ಕಾರ್ಡ್ 1999ರ ಬೇಸ್ ಸೆಟ್‌ನಲ್ಲಿ ಬಂತು (ಸೆಟ್ ಅಂದರೆ ಒಟ್ಟಿಗೆ ಬಿಡುಗಡೆಯಾದ ಕಾರ್ಡುಗಳ ಗುಂಪು). ಆ ಸೆಟ್ಟೇ ಹಲವು ಬಾರಿ, ಸಣ್ಣಪುಟ್ಟ ವ್ಯತ್ಯಾಸಗಳೊಂದಿಗೆ ಮುದ್ರಣವಾಯಿತು. 2016ರ ಎವಲ್ಯೂಷನ್ಸ್ ಸೆಟ್‌ನಲ್ಲಿ ಅದೇ ಹಳೇ ಶೈಲಿಯ ಚಾರಿಜಾರ್ಡ್ ಮತ್ತೆ ಬಂತು. 2021ರ ಸೆಲೆಬ್ರೇಷನ್ಸ್‌ನಲ್ಲಂತೂ ಹಳೇ ಕಾರ್ಡನ್ನೇ, 4/102 ಎಂಬ ಹಳೇ ನಂಬರ್ ಸಮೇತ, ಮತ್ತೆ ಮುದ್ರಿಸಿದರು. ಕಣ್ಣಿಗೆ ಬೀಳುವ ಹೊಸದು ಅಂದರೆ 25ನೇ ವರ್ಷದ ಪುಟ್ಟ ಗುರುತು, ಅಷ್ಟೆ.

ಹಾಗಾಗಿ ಬೆಲೆ ಹುಡುಕುವುದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಯಾವ ಮುದ್ರಣ, ಆಮೇಲೆ ಅಸಲಿಯೋ ನಕಲಿಯೋ, ಆಮೇಲೆ ಸ್ಥಿತಿ. ಈ ಮೂರು ಗೊತ್ತಾಗುವ ತನಕ ನೀವು ನೋಡುತ್ತಿರುವುದು ಬೇರೆ ಯಾರದೋ ಕಾರ್ಡಿನ ಬೆಲೆ.

ಶುರು ಮಾಡುವ ಮುಂಚೆ

ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಕಾರ್ಡನ್ನು ಅಂಚಿನಲ್ಲಿ ಹಿಡಿಯಿರಿ, ಹೊಳೆಯುವ ಮೈ ಮುಟ್ಟಬೇಡಿ. ಮಿಲಿಮೀಟರ್ ಗುರುತಿರುವ ಒಂದು ಸ್ಕೇಲ್, ಒಂದು ಟಾರ್ಚ್, ಹತ್ತು ಪಟ್ಟಿಗಿಂತ ಜಾಸ್ತಿ ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ, ಕಾರ್ಡ್ ಹಾಕಿಡಲು ಒಂದಿಷ್ಟು ತೆಳು ಪ್ಲಾಸ್ಟಿಕ್ ಸ್ಲೀವ್. ಇಷ್ಟಿದ್ದರೆ ಸಾಕು. ರಬ್ಬರ್ ಬ್ಯಾಂಡ್ ಹಾಕಿದ್ದರೆ ಮೆಲ್ಲಗೆ ಕತ್ತರಿಸಿ ತೆಗೆಯಿರಿ, ಎಳೆದು ಬಿಚ್ಚಲು ಹೋಗಬೇಡಿ.

ಇನ್ನೊಂದು ಮಾತು. ಕೊಳೆ ಕಂಡರೂ ಒರೆಸಬೇಡಿ. ಒದ್ದೆ ಬಟ್ಟೆ, ಅಳಿಸುವ ರಬ್ಬರ್, ಮಡಿಕೆ ಹೋಗಲೆಂದು ಭಾರ ಹೇರುವುದು, ಯಾವುದೂ ಬೇಡ. ಪರಿಣತರು ಇಂಥ ರಿಪೇರಿಯನ್ನು ಸುಲಭವಾಗಿ ಕಂಡುಹಿಡಿಯುತ್ತಾರೆ. ಕೊಳಕಾದ ಕಾರ್ಡಿಗಿಂತ ಕೈಯಾಡಿಸಿದ ಕಾರ್ಡಿಗೆ ಬೆಲೆ ಕಡಿಮೆ.

ಯಾವ ಮುದ್ರಣ?

ಇಲ್ಲಿ ಆತುರ ಬೇಡ. ಬೆಲೆಯ ವ್ಯತ್ಯಾಸದಲ್ಲಿ ದೊಡ್ಡ ಪಾಲು ಇಲ್ಲೇ ತೀರ್ಮಾನವಾಗುತ್ತದೆ.

ಮೊದಲು ಕಾರ್ಡಿನ ಮೇಲಿರುವ ಅಂಕಿಗಳನ್ನು ನೋಡಿ. 4/102 ಅಂತಿದ್ದರೆ 102 ಕಾರ್ಡುಗಳ ಸೆಟ್‌ನಲ್ಲಿ ಇದು ನಾಲ್ಕನೆಯದು. ಇದು ಎಲ್ಲ ಪ್ರತಿಗಳಲ್ಲೂ ಒಂದೇ. ಕೆಲವೊಮ್ಮೆ 83/82 ಅಂತ ಮೊದಲ ಅಂಕಿಯೇ ದೊಡ್ಡದಿರುತ್ತದೆ. ಅದು ಮುದ್ರಣ ದೋಷ ಅಲ್ಲ, ಪಟ್ಟಿಯಾಚೆ ಸೇರಿಸಿದ ಸೀಕ್ರೆಟ್ ಕಾರ್ಡ್. ಪೊಕೆಮಾನ್‌ನ ಟೀಮ್ ರಾಕೆಟ್ ಸೆಟ್‌ನ ಡಾರ್ಕ್ ರೈಚು ಹಾಗೆ ಬಂದದ್ದು. ಕ್ರೀಡಾ ಕಾರ್ಡುಗಳಲ್ಲಿ ಹೊಳೆಯುವ ಫಾಯಿಲ್ ಅಚ್ಚಿನಲ್ಲಿ 25/99 ಅಂತ ಇದ್ದರೆ ಕತೆಯೇ ಬೇರೆ. ಆ ಬಗೆಯ ಕಾರ್ಡ್ ಒಟ್ಟು 99 ಮಾತ್ರ ಮಾಡಿದ್ದಾರೆ, ನಿಮ್ಮ ಕೈಯಲ್ಲಿರುವುದು 25ನೆಯದು ಅಂತ ಅರ್ಥ. ಹೊಸಬರು ಇವೆರಡನ್ನೂ ಒಂದೇ ಅಂದುಕೊಂಡು ಗೊಂದಲ ಮಾಡಿಕೊಳ್ಳುವುದು ಜಾಸ್ತಿ.

ಇನ್ನು ಇಸವಿ. ಕಾಪಿರೈಟ್ ಸಾಲಿನ ಇಸವಿಯನ್ನೇ ಕಾರ್ಡಿನ ಇಸವಿ ಅಂದುಕೊಳ್ಳಬೇಡಿ. ಪೊಕೆಮಾನ್ ಕಾರ್ಡಿನ ಕೆಳಗೆ 1995 ಅಂತ ಇರುವುದನ್ನು ನೋಡಿ ಅದನ್ನು 1995ರ ಕಾರ್ಡ್ ಅಂತಲೇ ಮಾರಾಟಕ್ಕಿಡುವವರಿದ್ದಾರೆ. ಜಪಾನಿನಲ್ಲೇ ಪೊಕೆಮಾನ್ ಕಾರ್ಡ್ ಬಂದದ್ದು 1996ರಲ್ಲಿ! ಆ ಸಾಲಿನಲ್ಲಿ ಕೊನೆಗೆ ಬರುವ ಇಸವಿಯೇ ಹೆಚ್ಚು ಉಪಯೋಗಕ್ಕೆ ಬರುವುದು.

ಇಂಗ್ಲಿಷ್ ಬೇಸ್ ಸೆಟ್ ನಿಮ್ಮ ಕೈಯಲ್ಲಿದ್ದರೆ ಹೀಗೆ ನೋಡಿ. ಚಿತ್ರದ ಚೌಕಟ್ಟಿನ ಕೆಳಗೆ ಎಡಗಡೆ, ಕಪ್ಪು ವೃತ್ತದಲ್ಲಿ 1 ಎಂಬ ಅಂಕಿಯ ಮೊಹರು ಇದೆಯಾ? ಇದ್ದರೆ ಫಸ್ಟ್ ಎಡಿಷನ್. ಇಲ್ಲವೆಂದರೆ ಚೌಕಟ್ಟಿನ ಬಲ ಅಂಚು ನೋಡಿ. ಅಲ್ಲಿ ನೆರಳು ಬಿದ್ದ ಹಾಗೆ ಗಾಢವಾದ ಪಟ್ಟಿ ಇದ್ದರೆ ಅದು ಅನ್‌ಲಿಮಿಟೆಡ್, ಅಂದರೆ ಹೇರಳವಾಗಿ ಮುದ್ರಣವಾದದ್ದು. ನೆರಳಿಲ್ಲದಿದ್ದರೆ ಶ್ಯಾಡೋಲೆಸ್, ಅದು ಅದಕ್ಕಿಂತ ಅಪರೂಪ. ಅನುಮಾನವಿದ್ದರೆ ಕಾಪಿರೈಟ್ ಸಾಲು ಓದಿ. ಫಸ್ಟ್ ಎಡಿಷನ್ ಮತ್ತು ಶ್ಯಾಡೋಲೆಸ್‌ನಲ್ಲಿ ನಿಂಟೆಂಡೊ ಹೆಸರಿನ ಮುಂದೆ 1995, 96, 98, 99 ಅಂತ ನಾಲ್ಕು ಇಸವಿ ಇರುತ್ತದೆ. ಅನ್‌ಲಿಮಿಟೆಡ್‌ನಲ್ಲಿ ಅಲ್ಲಿ ಆ 99 ಇರುವುದಿಲ್ಲ. ಒಂದು ತಮಾಷೆ ಗೊತ್ತಾ? ಮಚಾಂಪ್ ಎಂಬ ಕಾರ್ಡ್ ಆಟ ಕಲಿಯುವವರ ಸ್ಟಾರ್ಟರ್ ಡಬ್ಬಿಯಲ್ಲಿ ಬರುತ್ತಿತ್ತು. ನೆರಳಿರಲಿ ಬಿಡಲಿ, ಅದಕ್ಕೆ ಹೆಚ್ಚುಕಮ್ಮಿ ಯಾವಾಗಲೂ ಫಸ್ಟ್ ಎಡಿಷನ್ ಮೊಹರು ಇರುತ್ತದೆ. ಆ ಮೊಹರು ನೋಡಿ ನಿಧಿ ಸಿಕ್ಕಿತು ಅಂತ ಕುಣಿದವರು ಎಷ್ಟು ಜನವೋ. ಜಪಾನೀ ಬೇಸ್ ಸೆಟ್‌ನಲ್ಲಿ ಇಂಥ ಮೊಹರೇ ಇಲ್ಲ. ಅಲ್ಲಿ ಮೊದಲ ಮುದ್ರಣದ ಗುರುತು ಉಲ್ಟಾ: ಕೆಳ ಮೂಲೆಯಲ್ಲಿ ಇರಬೇಕಾದ ವೃತ್ತ, ವಜ್ರ, ನಕ್ಷತ್ರದ ಚಿಹ್ನೆ ಇರುವುದಿಲ್ಲ.

ಆ ಮೂರು ಚಿಹ್ನೆಗಳು ಎಷ್ಟು ಅಪರೂಪ ಅನ್ನುವುದನ್ನು ಹೇಳುತ್ತವೆ. ವೃತ್ತ ಸಾಮಾನ್ಯ, ವಜ್ರ ಸ್ವಲ್ಪ ಕಡಿಮೆ ಸಿಗುವಂಥದ್ದು, ನಕ್ಷತ್ರ ಅಪರೂಪ.

ಮ್ಯಾಜಿಕ್: ದ ಗ್ಯಾದರಿಂಗ್ ಎಂಬ ಕಾರ್ಡ್ ಆಟ 1993ರಲ್ಲಿ ಶುರುವಾಯಿತು. ಮೊದಲ ಆಲ್ಫಾ ಮುದ್ರಣದಲ್ಲಿ ಪ್ರತಿ ಅಪರೂಪದ ಕಾರ್ಡಿನ ಸುಮಾರು 1,100 ಪ್ರತಿಗಳು ಮಾತ್ರ ಇದ್ದವು. ಬೀಟಾದಲ್ಲಿ ಅದರ ಸುಮಾರು ಮೂರು ಪಟ್ಟು. ಎರಡಕ್ಕೂ ಕಪ್ಪು ಅಂಚು. ಆಲ್ಫಾದ ಮೂಲೆಗಳು ಎದ್ದು ಕಾಣುವಷ್ಟು ದುಂಡಗಿರುತ್ತವೆ, ಬೀಟಾದ್ದು ಈಗಿನ ಕಾರ್ಡುಗಳ ಹಾಗೆ. ಮುಂದಿನ ಅನ್‌ಲಿಮಿಟೆಡ್ ಬಿಳಿ ಅಂಚಿನದು. ಅದೇ ವರ್ಷ ಕಲೆಕ್ಟರ್ಸ್ ಎಡಿಷನ್ ಅಂತಲೂ ಒಂದು ಬಂತು. ಈ ಆಟದ ಹೆಸರುವಾಸಿ ಕಾರ್ಡ್ ಬ್ಲ್ಯಾಕ್ ಲೋಟಸ್ ಅದರಲ್ಲೂ ಇದೆ, ಅದಕ್ಕೂ ಕಪ್ಪು ಅಂಚೇ. ಆದರೆ ಮೂಲೆಗಳು ಚೂಪು, ಹಿಂಬದಿಯಲ್ಲಿ ಬಂಗಾರದ ಬಣ್ಣದ ಅಂಚು. ಮೂಲೆ ದುಂಡಗೆ ಕತ್ತರಿಸಿ ಬೀಟಾ ಅಂತ ಮಾರುವ ಚಾಳಿ ಇದೆ. ಹಿಂಬದಿ ತೋರಿಸದ ಫೋಟೊ ನೋಡಿ ಕೊಳ್ಳಬಾರದು ಅನ್ನುವುದು ಇದಕ್ಕೇ.

ಹೊಸ ಮ್ಯಾಜಿಕ್ ಕಾರ್ಡುಗಳಲ್ಲಿ ಸೆಟ್ ಚಿಹ್ನೆಯ ಬಣ್ಣ ನೋಡಿ. 1998ರ ಎಕ್ಸೋಡಸ್‌ನಿಂದ ಈಚೆಗೆ ಕಪ್ಪು ಎಂದರೆ ಸಾಮಾನ್ಯ, ಬೆಳ್ಳಿ ಅದಕ್ಕಿಂತ ಮೇಲು, ಬಂಗಾರ ಅಪರೂಪ. 2008ರಿಂದ ಕಿತ್ತಳೆಗೆಂಪು ಕೂಡ ಸೇರಿತು, ಅದು ಮಿಥಿಕ್. ಇಲ್ಲೊಂದು ಬಲೆ ಇದೆ. ಈಚೆಗೆ ಮರುಮುದ್ರಿಸಿದ ಕೆಲವು ಕಾರ್ಡುಗಳಿಗೆ ಹಳೇ ಸೆಟ್‌ನ ಚಿಹ್ನೆಯನ್ನೇ ಉಳಿಸಿಕೊಂಡಿದ್ದಾರೆ. ಅವುಗಳ ಎಡ ಕೆಳಮೂಲೆಯಲ್ಲಿ ಬಿಳಿ ಬಣ್ಣದ ಪುಟ್ಟ ಪ್ಲೇನ್ಸ್‌ವಾಕರ್ ಗುರುತು, ಅಂದರೆ ಈ ಆಟದ ಐದು ಮೊನೆಯ ಲಾಂಛನ, ಇರುತ್ತದೆ. ಭೂತಗನ್ನಡಿ ಇಲ್ಲದೆಯೂ ಕಾಣುತ್ತದೆ, ಹುಡುಕಬೇಕು ಅಷ್ಟೆ.

ಯು-ಗಿ-ಓಹ್ ಆಟದ ಕಾರ್ಡ್ ಸುಲಭ. ಚಿತ್ರದ ಕೆಳಗೆ ಬಲಗಡೆ ಸೆಟ್ ಕೋಡ್ ಇರುತ್ತದೆ. ಫಸ್ಟ್ ಎಡಿಷನ್ ಆಗಿದ್ದರೆ ಎಡಗಡೆ ಹಾಗಂತಲೇ ಬರೆದಿರುತ್ತದೆ.

ಕ್ರೀಡಾ ಕಾರ್ಡ್‌ಗೆ ಹಿಂಬದಿ ತಿರುಗಿಸಿ. ಅಂಕಿಅಂಶದ ಪಟ್ಟಿಯಲ್ಲಿ ಕೊನೆಯ ಸೀಸನ್ 1986 ಆಗಿದ್ದರೆ ಕಾರ್ಡ್ ಸಾಮಾನ್ಯವಾಗಿ 1987ರದು. ಆಟಗಾರನ ಮೊದಲ ವರ್ಷದ ಕಾರ್ಡನ್ನು ರೂಕಿ ಕಾರ್ಡ್ ಅನ್ನುತ್ತಾರೆ. ಅದೇ ಆಟಗಾರನ ಬೇರೆ ವರ್ಷಗಳ ಕಾರ್ಡಿಗಿಂತ ಅದಕ್ಕೆ ಬೇಡಿಕೆ ಬಹಳ ಜಾಸ್ತಿ. 2006ರಿಂದ ಬೇಸ್‌ಬಾಲ್ ಕಾರ್ಡುಗಳಲ್ಲಿ ರೂಕಿ ಅಂತ ಒಂದು ಲೋಗೊ ಹಾಕುವ ಪದ್ಧತಿ ಬಂದಿದೆ, ಕೆಲಸ ಹಗುರವಾಗಿದೆ. ಕಾರ್ಡ್ ಹೊಳೆಯುತ್ತಿದ್ದರೆ ಬೆಳಕಿನಲ್ಲಿ ಓರೆ ಮಾಡಿ. ಕಾಮನಬಿಲ್ಲಿನ ಬಣ್ಣ ಓಡಾಡಿದರೆ ಅದು ರಿಫ್ರ್ಯಾಕ್ಟರ್ ಇರಬಹುದು. 1993ರಲ್ಲಿ ಟಾಪ್ಸ್ ಕಂಪನಿಯ ಫೈನೆಸ್ಟ್ ಸೆಟ್‌ನಿಂದ ಈ ವಿಶೇಷ ಬಗೆ ಶುರುವಾಯಿತು. ಈಗಂತೂ ಒಂದೇ ಕಾರ್ಡು ಹತ್ತಾರು ಬಣ್ಣದ ಅಂಚಿನಲ್ಲಿ ಬರುತ್ತದೆ. ಆ ಸೆಟ್‌ನ ಚೆಕ್‌ಲಿಸ್ಟ್ ಪಕ್ಕದಲ್ಲಿಟ್ಟುಕೊಂಡು ಹೋಲಿಸದೆ ಬೇರೆ ದಾರಿ ಇಲ್ಲ.

ಅಸಲಿಯೇ?

ಮೊದಲು ಅಳತೆ. ಈಗಿನ ಬಹುತೇಕ ಕಾರ್ಡುಗಳು ಸುಮಾರು 63 ಮಿ.ಮೀ. ಅಗಲ, 88 ಮಿ.ಮೀ. ಎತ್ತರ. ಯು-ಗಿ-ಓಹ್ ಸ್ವಲ್ಪ ಚಿಕ್ಕದು, 59 ಮತ್ತು 86. ಟಾಪ್ಸ್ ಕಂಪನಿ ಈಗಿನ ಅಳತೆಗೆ ಬಂದದ್ದು 1957ರಲ್ಲಿ. ಅದರ 1952ರ ಕಾರ್ಡುಗಳು ಇದಕ್ಕಿಂತ ದೊಡ್ಡವು. 1983ರಲ್ಲಿ ಅದೇ ಕಂಪನಿ 1952ರ ಸೆಟ್ಟನ್ನು ಮರುಮುದ್ರಿಸಿತು, ಆದರೆ ಹೊಸ ಅಳತೆಯಲ್ಲಿ. ಹಾಗಾಗಿ ಆ ಸೆಟ್‌ನ 311ನೇ ನಂಬರ್, ಬೇಸ್‌ಬಾಲ್ ಆಟಗಾರ ಮಿಕ್ಕಿ ಮ್ಯಾಂಟಲ್ ಕಾರ್ಡ್ ಸಿಕ್ಕಿತು ಅಂತ ಯಾರಾದರೂ ಹೇಳಿದರೆ ಮೊದಲು ಸ್ಕೇಲ್ ಇಡಿ.

ಅಳತೆಯಿಂದ ಇನ್ನೊಂದೂ ಗೊತ್ತಾಗುತ್ತದೆ. ಸವೆದ ಅಂಚನ್ನು ಕತ್ತರಿಸಿ ಚೂಪು ಮಾಡುವ ಕಳ್ಳಾಟ. ಇದರಲ್ಲಿ ಅತಿ ದೊಡ್ಡ ಹೆಸರು ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್‌ನ, ಟಿ206 ಎಂಬ ಸೆಟ್‌ನ ಕಾರ್ಡಿನದು. ಇದು 1909-11ರ ಸಿಗರೇಟ್ ಪ್ಯಾಕ್‌ಗಳಲ್ಲಿ ಬಂದದ್ದು, ಉಳಿದಿರುವುದು ಕೆಲವೇ ಕೆಲವು ಡಜನ್. ಅವುಗಳಲ್ಲಿ ಅತಿ ಚೆಂದದ ಒಂದು ಪ್ರತಿ 1991ರಲ್ಲಿ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್‌ಕಿ ಮತ್ತು ಅವರ ಪಾಲುದಾರರ ಕೈ ಸೇರಿತು. ಕಾರ್ಡಿನ ಸ್ಥಿತಿಗೆ 10ಕ್ಕೆ ಇಷ್ಟು ಅಂತ ಅಂಕ ಕೊಟ್ಟು ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡುವ ಗ್ರೇಡಿಂಗ್ ಕಂಪನಿ ಪಿಎಸ್‌ಎ ಅದಕ್ಕೆ 8 ಅಂಕ ಕೊಟ್ಟಿತ್ತು. 2007ರಲ್ಲಿ ಅದು 28 ಲಕ್ಷ ಡಾಲರ್‌ಗೆ ಹೋಯಿತು. ಹಿಂದೆ ಅದನ್ನು ಮಾರಿದ್ದ ಹರಾಜುದಾರ ಬಿಲ್ ಮ್ಯಾಸ್ಟ್ರೊ ತಾನೇ ಅದರ ಅಂಚು ಕತ್ತರಿಸಿದ್ದಾಗಿ 2013ರಲ್ಲಿ ಒಪ್ಪಿಕೊಂಡ. ಸೀಲ್ ಮಾಡಿದ ಡಬ್ಬಿಯೊಳಗಿದೆ ಅಂದ ಮಾತ್ರಕ್ಕೆ ಕಣ್ಣು ಮುಚ್ಚಿ ನಂಬಬಾರದು, ಅಲ್ವಾ?

ಆಮೇಲೆ ಭೂತಗನ್ನಡಿ ಹಿಡಿಯಿರಿ. ಅಸಲಿ ಆಫ್‌ಸೆಟ್ ಮುದ್ರಣದಲ್ಲಿ ಬಣ್ಣದ ಭಾಗ ಸಣ್ಣ ಸಣ್ಣ ಚುಕ್ಕಿಗಳ ಹೂವಿನಂತೆ ಕಾಣುತ್ತದೆ. ಕಪ್ಪು ಅಕ್ಷರ, ಕಪ್ಪು ಗೆರೆ ಮಾತ್ರ ಚುಕ್ಕಿಯಿಲ್ಲದೆ ಗಟ್ಟಿಯಾಗಿ, ಅಂಚು ಸ್ಪಷ್ಟವಾಗಿ ಇರುತ್ತದೆ. ಸ್ಕ್ಯಾನ್ ಮಾಡಿ ಅಚ್ಚು ಹಾಕಿದ ನಕಲಿಯಲ್ಲಿ ಅಕ್ಷರವೂ ಚುಕ್ಕಿಗಳಾಗಿ ಒಡೆದಿರುತ್ತದೆ. ಮ್ಯಾಜಿಕ್ ಕಾರ್ಡಿನ ಹಿಂಬದಿಯ ಹಸಿರು ಚುಕ್ಕಿಯೊಳಗೆ ನಾಲ್ಕು ಸಣ್ಣ ಕೆಂಪು ಚುಕ್ಕಿಗಳು ಇಂಗ್ಲಿಷಿನ L ಆಕಾರದಲ್ಲಿ ಕಾಣಬೇಕು. ನಕಲಿ ಮಾಡುವವರಿಗೆ ಇದನ್ನು ಸರಿಯಾಗಿ ಮೂಡಿಸುವುದು ಕಷ್ಟ.

ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ ಹೋಲಿಕೆ. ಅದೇ ಸೆಟ್‌ನ ಅಗ್ಗದ, ಯಾರೂ ನಕಲಿ ಮಾಡದ ಕಾರ್ಡ್ ಒಂದನ್ನು ತನ್ನಿ. ಎರಡರ ದಪ್ಪ, ಬಣ್ಣ, ಹಿಂಬದಿಯ ನೀಲಿ ಅಥವಾ ಕಂದು, ಅಕ್ಷರದ ದಪ್ಪ, ಟಾರ್ಚ್ ಬೆಳಕು ಎಷ್ಟು ಹಾಯುತ್ತದೆ, ಎಲ್ಲ ಪಕ್ಕಪಕ್ಕದಲ್ಲಿಟ್ಟು ನೋಡಿ. ತುಂಬ ಹಳೆಯ ಕಾರ್ಡಾದರೆ ಕತ್ತಲಲ್ಲಿ ಯುವಿ ದೀಪ ಹಿಡಿಯಿರಿ. 1940ರ ದಶಕದ ಕೊನೆಗೆ ಮುಂಚಿನ ಕಾಗದದಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಇರಲಿಲ್ಲ. 1910ರದು ಅನ್ನುವ ಕಾರ್ಡ್ ನೀಲಿಬಿಳಿಯಾಗಿ ಹೊಳೆದರೆ ಅದು ಮರುಮುದ್ರಣ. ಕಾರ್ಡನ್ನು ಬಗ್ಗಿಸಿ ನೋಡು, ಅಂಚು ಹರಿದು ನೋಡು ಅನ್ನುವ ಸಲಹೆಗಳೂ ಓಡಾಡುತ್ತವೆ. ಅಸಲಿ ಅಂತ ಗೊತ್ತಾಗುವ ಹೊತ್ತಿಗೆ ಕಾರ್ಡೇ ಹಾಳಾಗಿರುತ್ತದೆ. ಅದರ ಸಹವಾಸ ಬೇಡ.

ಸ್ಥಿತಿ

ಗ್ರೇಡಿಂಗ್ ಮಾಡುವವರು ನೋಡುವುದು ನಾಲ್ಕು ವಿಷಯ: ಚಿತ್ರ ಮಧ್ಯಕ್ಕೆ ಕೂತಿದೆಯಾ, ಮೂಲೆ, ಅಂಚು, ಮೇಲ್ಮೈ. ಬೆಕೆಟ್ ಕಂಪನಿ ಈ ನಾಲ್ಕಕ್ಕೂ ಬೇರೆ ಬೇರೆ ಅಂಕ ಹಾಕಿ ಲೇಬಲ್ ಮೇಲೆ ಅಚ್ಚು ಹಾಕುವುದೂ ಉಂಟು. ಪಿಎಸ್‌ಎ 1ರಿಂದ 10ರವರೆಗೆ ಒಟ್ಟಿಗೆ ಒಂದೇ ಅಂಕ ಕೊಡುತ್ತದೆ.

ಮಧ್ಯಕ್ಕೆ ಕೂತಿದೆಯಾ ಅನ್ನುವುದನ್ನು ಮನೆಯಲ್ಲೇ ಅಳೆಯಬಹುದು. ಎಡ ಅಂಚು 2 ಮಿ.ಮೀ., ಬಲ ಅಂಚು 3 ಮಿ.ಮೀ. ಇದ್ದರೆ ಒಟ್ಟು 5. ಅಂದರೆ 40ಕ್ಕೆ 60. ಬರಿಗಣ್ಣಿಗೆ ಇದು ಅಷ್ಟೇನೂ ಕೆಟ್ಟದಾಗಿ ಕಾಣುವುದಿಲ್ಲ, ಆದರೆ 10 ಅಂಕದ ಆಸೆ ಬಿಡಬೇಕಾಗುತ್ತದೆ. ಮೂಲೆ ಮತ್ತು ಅಂಚನ್ನು ಹಿಂಬದಿಯಿಂದ ನೋಡಿ. ಗಾಢ ಬಣ್ಣದ ಹಿಂಬದಿಯಲ್ಲಿ ಸವೆದ ಜಾಗ ಬಿಳಿಯಾಗಿ ಎದ್ದು ಕಾಣುತ್ತದೆ. ಮೇಲ್ಮೈಗೆ ಟಾರ್ಚ್ ಬೇಕು. ಬೆಳಕನ್ನು ಅಡ್ಡಲಾಗಿ ಹಿಡಿದು ಕಾರ್ಡನ್ನು ನಿಧಾನವಾಗಿ ಓರೆ ಮಾಡುತ್ತಾ ಹೋಗಿ. ಗೀರು, ಉಗುರಿನ ಗುರುತು, ಕಾರ್ಖಾನೆಯಲ್ಲೇ ಬಿದ್ದ ಉದ್ದ ಗೆರೆ, ಎಲ್ಲ ಹೊರಬೀಳುತ್ತದೆ. ಮಡಿಕೆ ಇದ್ದರೆ ಎಷ್ಟೇ ಸಣ್ಣದಿರಲಿ, ಅಂಕ ಕೆಳಗಿಳಿದಂತೆಯೇ.

ಫಾಯಿಲ್ ಕಾರ್ಡ್ ಬಾಗಿದ್ದರೆ ಗಾಬರಿ ಬೇಡ. ಕಾಗದ ತೇವ ಹೀರುತ್ತದೆ, ಫಾಯಿಲ್ ಪದರ ಹೀರುವುದಿಲ್ಲ. ಹಾಗಾಗಿ ಬಾಗುತ್ತದೆ. ಮಡಿಕೆ ಬೇರೆ, ಇದು ಬೇರೆ.

ನಿಮ್ಮ ಕಾರ್ಡಿಗೆ ನೀವೇ ಅಂಕ ಕೊಡುವಾಗ ಒಂದು ಮೆಟ್ಟಿಲು ಕೆಳಗೆ ಕೊಡಿ. ನಮ್ಮ ವಸ್ತುವಿನ ಮೇಲೆ ನಮಗೆ ಪ್ರೀತಿ ಇದ್ದೇ ಇರುತ್ತದೆ.

ಈಗ ಬೆಲೆ

ಮಾರಾಟಗಾರ ಕೇಳುತ್ತಿರುವ ಬೆಲೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಯಾರು ಬೇಕಾದರೂ ಎಷ್ಟು ಬೇಕಾದರೂ ಕೇಳಬಹುದು. ಇಬೇಯಲ್ಲಿ ಮಾರಾಟವಾದ ವಸ್ತುಗಳನ್ನು ಮಾತ್ರ ತೋರಿಸುವ ಆಯ್ಕೆ ಇದೆ, ಅದನ್ನು ಒತ್ತಿ. ಆಟದ ಕಾರ್ಡುಗಳಿಗೆ ಅಮೆರಿಕದ ಟಿಸಿಜಿಪ್ಲೇಯರ್, ಯುರೋಪಿನ ಕಾರ್ಡ್‌ಮಾರ್ಕೆಟ್ ವೆಬ್‌ಸೈಟ್‌ಗಳಲ್ಲಿ ಮಾರುಕಟ್ಟೆ ಬೆಲೆ ಸಿಗುತ್ತದೆ. ಹುಡುಕುವಾಗ ಸೆಟ್, ನಂಬರ್, ಮುದ್ರಣ, ಭಾಷೆ, ಸ್ಥಿತಿ ಎಲ್ಲವೂ ನಿಮ್ಮ ಕಾರ್ಡಿಗೆ ಹೊಂದಬೇಕು. ಈಚಿನ ಐದಾರು ಮಾರಾಟ ಬರೆದುಕೊಳ್ಳಿ. ಅತಿ ಹೆಚ್ಚು, ಅತಿ ಕಡಿಮೆ ಎರಡನ್ನೂ ಬಿಟ್ಟು ನಡುವಿನದನ್ನು ಹಿಡಿಯಿರಿ. ಎರಡು ವರ್ಷ ಹಿಂದಿನ ಬೆಲೆ ಇವತ್ತಿಗೆ ಉಪಯೋಗಕ್ಕಿಲ್ಲ. 2020-21ರಲ್ಲಿ ಏರಿದ ಎಷ್ಟೋ ಕಾರ್ಡುಗಳು ಆಮೇಲೆ ಇಳಿದವು.

ಹಳೆಯದೆಲ್ಲ ದುಬಾರಿ ಅನ್ನುವುದೂ ಸುಳ್ಳು. 1980ರ ದಶಕದ ಕೊನೆಯಿಂದ 90ರ ದಶಕದ ಆರಂಭದವರೆಗೆ ಅಮೆರಿಕದ ಕಂಪನಿಗಳು ಕ್ರೀಡಾ ಕಾರ್ಡುಗಳನ್ನು ಮಿತಿಯೇ ಇಲ್ಲದೆ ಮುದ್ರಿಸಿದವು. ಜನ ಹೂಡಿಕೆ ಅಂತ ಪೆಟ್ಟಿಗೆಗಟ್ಟಲೆ ಜೋಪಾನ ಮಾಡಿಟ್ಟರು. ಎಲ್ಲರೂ ಜೋಪಾನ ಮಾಡಿದ್ದರಿಂದಲೇ ಇವತ್ತು ಅವುಗಳಲ್ಲಿ ಬಹುಪಾಲಿಗೆ ಬೆಲೆ ಇಲ್ಲ. 1952ರ ಮ್ಯಾಂಟಲ್ ಕಾರ್ಡಿನ ಕತೆ ತದ್ವಿರುದ್ಧ. ಆ ಕಾರ್ಡ್ ಇದ್ದ, ಸೆಟ್‌ನ ಕೊನೆಯ ಭಾಗ ಮಾರಾಟವಾಗದೆ ಉಳಿಯಿತು. ಅವುಗಳನ್ನು 1960ರಲ್ಲಿ ದೋಣಿಯಲ್ಲಿ ಸಾಗಿಸಿ ಅಟ್ಲಾಂಟಿಕ್ ಸಾಗರಕ್ಕೆ ಸುರಿಸಿದ್ದಾಗಿ ಟಾಪ್ಸ್‌ನ ಸೈ ಬರ್ಗರ್ ಅವರೇ ಹೇಳಿಕೊಂಡಿದ್ದರು. 2022ರ ಆಗಸ್ಟ್‌ನಲ್ಲಿ 9.5 ಅಂಕದ ಒಂದು ಮ್ಯಾಂಟಲ್ ಕಾರ್ಡ್ 1.26 ಕೋಟಿ ಡಾಲರ್‌ಗೆ ಹರಾಜಾಯಿತು.

ಮುಂದೆ ಮತ್ತೆ ಮುದ್ರಣವಾಗುವ ಸಾಧ್ಯತೆಯನ್ನೂ ನೋಡಿ. ಮ್ಯಾಜಿಕ್ ತಯಾರಕರು 1996ರಲ್ಲಿ ರಿಸರ್ವ್ಡ್ ಲಿಸ್ಟ್ ಅಂತ ಒಂದು ಪಟ್ಟಿ ಮಾಡಿ, ಅದರಲ್ಲಿರುವ ಕಾರ್ಡುಗಳನ್ನು ಮತ್ತೆ ಮುದ್ರಿಸುವುದಿಲ್ಲ ಅಂತ ಮಾತು ಕೊಟ್ಟರು. ಪಟ್ಟಿಯಲ್ಲಿಲ್ಲದ ಕಾರ್ಡ್ ಆಟದಲ್ಲಿ ಉಪಯೋಗವಾಗುತ್ತದೆ ಅಂತಲೇ ದುಬಾರಿಯಾಗಿದ್ದರೆ, ಮರುಮುದ್ರಣದ ಸುದ್ದಿ ಬಂದ ದಿನವೇ ಬೆಲೆ ಬೀಳಬಹುದು.

ಗ್ರೇಡಿಂಗ್‌ಗೆ ಕಳಿಸಬೇಕಾ?

ಎಲ್ಲರೂ ಕಳಿಸು ಅನ್ನುತ್ತಾರೆ. ಲೆಕ್ಕ ಹಾಕದೆ ಕಳಿಸಬೇಡಿ. ಉದಾಹರಣೆಗೆ ಒಂದು ಕಾರ್ಡ್ ಹಾಗೇ ಮಾರಿದರೆ 40 ಡಾಲರ್, 9 ಅಂಕ ಬಂದರೆ 60, 10 ಬಂದರೆ 160 ಅಂತಿಟ್ಟುಕೊಳ್ಳಿ. ಶುಲ್ಕ, ಸಾಗಾಟ, ವಿಮೆ ಸೇರಿ ಖರ್ಚು 35. ಇಂಥ ನಾಲ್ಕು ಕಾರ್ಡುಗಳಲ್ಲಿ ಒಂದಕ್ಕೆ 10, ಉಳಿದವಕ್ಕೆ 9 ಬರುತ್ತದೆ ಅಂದರೆ ಸರಾಸರಿ 85 ಬರುತ್ತದೆ, ಖರ್ಚು ಕಳೆದು 50. ಹಾಗೇ ಮಾರಿದ್ದಕ್ಕಿಂತ 10 ಡಾಲರ್ ಲಾಭ, ಅದೂ ತಿಂಗಳುಗಟ್ಟಲೆ ಕಾದ ಮೇಲೆ. ಹತ್ತರಲ್ಲಿ ಒಂದಕ್ಕೆ ಮಾತ್ರ 10 ಬರುವುದಾದರೆ ಸರಾಸರಿ 70, ಕೈಗೆ ಉಳಿಯುವುದು 35. ಸುಮ್ನೆ ನಷ್ಟ.

ಎಷ್ಟರಲ್ಲಿ ಎಷ್ಟಕ್ಕೆ 10 ಬರುತ್ತದೆ ಅನ್ನುವುದನ್ನು ಪಿಎಸ್‌ಎಯ ಪಾಪ್ಯುಲೇಷನ್ ರಿಪೋರ್ಟ್‌ನಿಂದ ಅಂದಾಜು ಮಾಡಬಹುದು. ಯಾವ ಕಾರ್ಡಿಗೆ ಯಾವ ಅಂಕ ಎಷ್ಟು ಬಾರಿ ಸಿಕ್ಕಿದೆ ಅಂತ ಅದರಲ್ಲಿ ಇರುತ್ತದೆ. ಅದನ್ನೂ ಪೂರ್ತಿ ನಂಬಬೇಡಿ. ಕಡಿಮೆ ಅಂಕ ಬಂದವರು ಡಬ್ಬಿ ಒಡೆದು ಅದೇ ಕಾರ್ಡನ್ನು ಮತ್ತೆ ಕಳಿಸುತ್ತಾರೆ, ಲೆಕ್ಕದಲ್ಲಿ ಅದು ಎರಡಾಗುತ್ತದೆ. ಜನ ಚೆನ್ನಾಗಿರುವ ಕಾರ್ಡನ್ನೇ ಆರಿಸಿ ಕಳಿಸುವುದರಿಂದ ಅಲ್ಲಿನ ಸರಾಸರಿ ನಿಮ್ಮ ಕಾರ್ಡುಗಳ ಸರಾಸರಿಗಿಂತ ಮೇಲಿರುತ್ತದೆ. ಗ್ರೇಡಿಂಗ್ ಆದ ಕಾರ್ಡನ್ನೇ ಕೊಳ್ಳುವುದಾದರೆ ಲೇಬಲ್ ಮೇಲಿನ ಸರ್ಟಿಫಿಕೇಟ್ ನಂಬರನ್ನು ಕಂಪನಿಯ ವೆಬ್‌ಸೈಟ್‌ನಲ್ಲಿ ಹಾಕಿ ನೋಡಿ. ಡಬ್ಬಿಯನ್ನೂ ನಕಲಿ ಮಾಡುವವರಿದ್ದಾರೆ. ಅಲ್ಲಿ ಫೋಟೊ ಇದ್ದರೆ ಚಿತ್ರ ಕೂತ ರೀತಿ, ಗೀರು ಎಲ್ಲ ತಾಳೆ ನೋಡಿ.

ತೆರೆಯದ ಹಳೇ ಪ್ಯಾಕ್ ಕೊಳ್ಳುವ ಆಸೆಯಿದ್ದರೆ ಹುಷಾರು. ಹಳೇ ಪೊಕೆಮಾನ್ ಪ್ಯಾಕ್‌ಗಳಲ್ಲಿ ಹೋಲೋ ಕಾರ್ಡ್, ಅಂದರೆ ಹೊಳೆಯುವ ಫಾಯಿಲ್ ಚಿತ್ರದ್ದು, ಇದ್ದರೆ ತೂಕ ಸ್ವಲ್ಪ ಜಾಸ್ತಿ. ತೂಗಿ ನೋಡಿ ಭಾರದ್ದನ್ನು ಇಟ್ಟುಕೊಂಡು ಹಗುರದ್ದನ್ನು ಮಾರುತ್ತಾರೆ.

ಮಾರಿದ ಮೇಲೆ ಕಳಿಸುವಾಗ ಕಾರ್ಡನ್ನು ಮೊದಲು ಮೆತ್ತನೆ ಸ್ಲೀವ್‌ಗೆ, ಆಮೇಲೆ ಟಾಪ್‌ಲೋಡರ್ ಎಂಬ ಗಟ್ಟಿ ಪ್ಲಾಸ್ಟಿಕ್ ಕವಚಕ್ಕೆ ಹಾಕಿ. ಸ್ಲೀವ್ ಇಲ್ಲದೆ ನೇರ ಟಾಪ್‌ಲೋಡರ್‌ಗೆ ತುರುಕಿದರೆ ಮೂಲೆ ಕೆಡುತ್ತದೆ. ಎರಡೂ ಬದಿಗೆ ರಟ್ಟು ಇಟ್ಟು ಕಟ್ಟಿ. ಕಟ್ಟುವ ಮುಂಚೆ ಎರಡೂ ಬದಿ ಮತ್ತು ನಾಲ್ಕೂ ಮೂಲೆಗಳ ಫೋಟೊ ತೆಗೆದಿಟ್ಟುಕೊಳ್ಳಿ, ಮುಂದೆ ತಕರಾರು ಬಂದರೆ ತೋರಿಸಲು ಬೇಕಾಗುತ್ತದೆ. ಟಾಪ್‌ಲೋಡರ್ ಬಾಯಿಗೆ ಟೇಪ್ ಅಂಟಿಸುವಾಗ ಅದರ ತುದಿಯನ್ನು ಸ್ವಲ್ಪ ಮಡಚಿ ಬಿಡಿ. ಇಲ್ಲದಿದ್ದರೆ ಕೊಂಡವರು ಬ್ಲೇಡ್ ಹಾಕಿ ತೆಗೆಯಲು ಹೋಗಿ ಕಾರ್ಡಿಗೇ ತಾಗಿಸುತ್ತಾರೆ.